ಉಪಕರಣವಿಯೋಗವೂ ವೈರಾಗ್ಯೋಪದೇಶವೂ

1988ರಲ್ಲಿ ಮಾರಾಟಕ್ಕೆ ಬಂದು, ಅಂದಿನಿಂದ ಪಾಶ್ಚಾತ್ಯ ಸಂಗೀತದ ರಚನಕಾರರೂ ವಾದ್ಯವೃಂದಗಳ ಲಿಪಿಕಾರರೂ ಕಾಲೇಜುಗಳ ಅಧ್ಯಾಪಕರೂ ಪ್ರಕಾಶಕರೂ ತಮ್ಮ ಸ್ವರಲಿಪಿಯನ್ನು ಬರೆದುಕೊಳ್ಳುವುದಕ್ಕೆ ಆಶ್ರಯಿಸಿದ್ದ ಫಿನಾಲೆ ಎಂಬ ತಂತ್ರಾಂಶವನ್ನು ಇನ್ನು ಮುಂದೆ ಬೆಳೆಸುವುದಿಲ್ಲ, ಮಾರುವುದೂ ಇಲ್ಲ ಎಂದು ಅಮೆರಿಕದ ಕೊಲರಾಡೊ ಸಂಸ್ಥಾನದ ಮೇಕ್‌ಮ್ಯೂಸಿಕ್ ಸಂಸ್ಥೆಯು 2024ನೆಯ ಇಸವಿ ಆಗಸ್ಟ್ 26ರಂದು ತನ್ನ ಗ್ರಾಹಕರಿಗೆ ಪತ್ರಮುಖೇನ ತಿಳಿಸಿತು. ಕಾರಣವನ್ನೂ ಪತ್ರವೇ ಹೇಳಿತ್ತು: ಕಂಪ್ಯೂಟರುಗಳ ಆಂತರಿಕ ವ್ಯವಸ್ಥೆಗಳು ಕಾಲಕಾಲಕ್ಕೆ ಬದಲಾಗುತ್ತಿವೆ, 35 ವರ್ಷಗಳಲ್ಲಿ ಲಕ್ಷೋಪಲಕ್ಷ ಸಾಲುಗಳಾಗಿ ಬೆಳೆದ ಕೋಡನ್ನು ಅವಕ್ಕೆ ಹೊಂದಿಸುತ್ತ ಹೋಗುವುದು ದಿನೇ ದಿನೇ ದುಸ್ಸಾಧ್ಯವಾಗುತ್ತಿದೆ. ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಸಂಸ್ಥೆಯವರ ಡೊರಿಕೊ ಎಂಬ ತಂತ್ರಾಂಶವನ್ನು 579 ಡಾಲರಿಗೆ ಬದಲಾಗಿ 149 ಡಾಲರಿಗೆ ಪಡೆಯಬಹುದೆಂಬ ರಿಯಾಯಿತಿಯೂ ಅದರಲ್ಲಿ ಸೇರಿತ್ತು. ಇಷ್ಟರ ನಡುವೆ ಒಂದು ವಾಕ್ಯ: ಒಂದು ವರ್ಷ ಕಳೆದ ಮೇಲೆ ಫಿನಾಲೆಯನ್ನು ಯಾವ ಹೊಸ ಯಂತ್ರದಲ್ಲಿಯೂ ಅಧಿಕೃತಗೊಳಿಸಲು ಸಾಧ್ಯವಾಗದು, ಅಂದರೆ ಹಣ ತೆತ್ತು ಕೊಂಡವನು ಸಹ ತನ್ನ ಹಳೆಯ ಕಂಪ್ಯೂಟರು ಕೆಟ್ಟ ದಿನ ಅದನ್ನು ಕಳೆದುಕೊಳ್ಳತಕ್ಕದ್ದು.

ಬಳಕೆದಾರರಲ್ಲಿ ದುಃಖವೂ ಸಿಟ್ಟೂ ಒಟ್ಟೊಟ್ಟಿಗೇ ಎದ್ದವು. ಇಂಥ ಸಂದರ್ಭಗಳಲ್ಲಿ ಸಮಾಧಾನ ಹೇಳುವವರಿಗೆ ಎಂದೂ ಬರವಿಲ್ಲವಷ್ಟೆ. ಅದು ಬರಿಯ ಉಪಕರಣ, ಸಂಗೀತವಿರುವುದು ನಿಮ್ಮ ಅಂತರಂಗದಲ್ಲಿ. ಲೋಕದಲ್ಲಿ ಸ್ಥಿರವಾದುದು ಯಾವುದಿದೆ. ಹಳೆಯದನ್ನು ಬಿಡಿ, ಹೊಸದನ್ನು ಹಿಡಿಯಿರಿ. ತಂತ್ರಾಂಶಗಳು ಬದಲಾದಾಗಲೆಲ್ಲ ಕೇಳಿಬರುವ ಈ ಮಾತು ಮೇಲುನೋಟಕ್ಕೆ ಎಲ್ಲ ಮತಗಳ ವೈರಾಗ್ಯಬೋಧೆಯ ಸಾರದಂತೆಯೇ ತೋರುತ್ತದೆ. ಬುದ್ಧನು ಹೇಳಿದ ಅನಿತ್ಯತೆ ಇದೇ, ಜೈನರ ಅಪರಿಗ್ರಹ ಇದೇ, ಕುರುಕ್ಷೇತ್ರದ ರಥದಲ್ಲಿ ನಡೆದ ಉಪದೇಶವೂ ಇದಕ್ಕಿಂತ ಬಹಳ ದೂರದ್ದಲ್ಲ. ಆದರೆ ಬೋಧೆಯು ಸತ್ಯವಾದ ಮಾತ್ರಕ್ಕೆ ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರೂ ಸಲ್ಲುತ್ತದೆಯೆ? ನನ್ನ ಪ್ರಶ್ನೆ ಇಷ್ಟೇ. ಒಬ್ಬನ ಕೈಯಿಂದ ವಸ್ತುವನ್ನು ತೆಗೆದುಕೊಳ್ಳುತ್ತಿರುವಾಗಲೇ ಅವನಿಗೆ ಅನಾಸಕ್ತಿಯನ್ನು ಬೋಧಿಸುವುದು ಧರ್ಮವೋ ಅಲ್ಲವೋ?

ಮೊದಲು ಆ ದುಃಖದ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫಿನಾಲೆಯಲ್ಲಿ ಸ್ಪೀಡಿ ಎಂಟ್ರಿ ಎಂದೊಂದು ವಿಧಾನ. ಒಂದು ಕೈ ಕಂಪ್ಯೂಟರಿಗೆ ಜೋಡಿಸಿದ ಪಿಯಾನೊ ಮಾದರಿಯ ಮನೆಗಳ ಮೇಲಿರುತ್ತದೆ, ಇನ್ನೊಂದು ಕೈ ಅಂಕಿಗಳ ಮೇಲೆ. ಸ್ವರದ ಮನೆಯನ್ನು ಅದುಮಿ ಹಿಡಿದು 7ನ್ನು ಒತ್ತಿದರೆ ಪೂರ್ಣಪ್ರಮಾಣದ ಸ್ವರ ಬೀಳುತ್ತದೆ, 6ನ್ನು ಒತ್ತಿದರೆ ಅರ್ಧ, 5ಕ್ಕೆ ಕಾಲು, 4ಕ್ಕೆ ಅರೆಕಾಲು. ವರ್ಷಗಟ್ಟಲೆ ಇದನ್ನು ಮಾಡಿದವನ ಕೈಗೆ ಅಂಕಿಯೂ ಕಾಣುವುದಿಲ್ಲ, ಮನೆಯೂ ಕಾಣುವುದಿಲ್ಲ; ಮನಸ್ಸಿನಲ್ಲಿ ಎದ್ದ ರಾಗವಾಕ್ಯವು ನೇರವಾಗಿ ಪರದೆಯ ಮೇಲಿನ ಐದು ಗೆರೆಗಳ ನಡುವೆ ಹೋಗಿ ಕೂರುತ್ತದೆ. ಈಗ ಅವನೇ ಡೊರಿಕೊದ ಮುಂದೆ ಕುಳಿತನೆನ್ನೋಣ. ಅಲ್ಲಿನ ಮೂಲಕ್ರಮದಲ್ಲಿ ಕಾಲುಪ್ರಮಾಣಕ್ಕೆ 6, ಅರೆಕಾಲಿಗೆ 5. ಆದ್ದರಿಂದ ಹಳೆಯ ಅಭ್ಯಾಸದಿಂದ ಅವನು ಒತ್ತಿದ ಸ್ವರಗಳೆಲ್ಲ ಅರ್ಧಕ್ಕರ್ಧ ಕುಗ್ಗಿ ಮೂಡುತ್ತವೆ. ವಿಳಂಬದಲ್ಲಿ ಎಣಿಸಿದ್ದು ದ್ರುತದಲ್ಲಿ ಬೀಳುತ್ತದೆ. ಅಂಕಿಗಳನ್ನು ಬದಲಾಯಿಸಿಕೊಳ್ಳುವ ಸೌಕರ್ಯ ಅಲ್ಲಿ ಉಂಟೆಂಬುದು ನಿಜ. ಆದರೆ ಬೆರಳಿನಲ್ಲಿ ನೆಲೆಸಿದುದು ಆ ಒಂದು ಅಂಕಿ ಮಾತ್ರವೆ? ಅದರಂಥ ನೂರಾರು ಸೂಕ್ಷ್ಮ ಪರಿಚಯಗಳು ಅಲ್ಲಿ ಮನೆಮಾಡಿಕೊಂಡಿರುತ್ತವೆ.

ಬಹುಕಾಲ, ಎಡೆಬಿಡದೆ, ಆದರದಿಂದ ನಡೆಸಿದ ಅಭ್ಯಾಸವೇ ದೃಢಭೂಮಿಯಾಗುತ್ತದೆಂದು ಪತಂಜಲಿಯ ಮತ. ಆ ಭೂಮಿಯನ್ನು ಉತ್ತು ಹದಮಾಡಿದವನು ಬಳಕೆದಾರ, ಸಂಸ್ಥೆಯಲ್ಲ. ಸಂಸ್ಥೆಯವರು ಮಾರಿದ್ದು ತಂತ್ರಾಂಶವನ್ನು. ಕೈಯ ಸಂಸ್ಕಾರವನ್ನು ಅವರು ಮಾರಲೂ ಇಲ್ಲ, ಮಾರಬಲ್ಲವರೂ ಅಲ್ಲ. ಹಾಗಿದ್ದರೂ ತಮ್ಮ ವಸ್ತುವನ್ನು ಹಿಂತೆಗೆಯುವಾಗ ತಮ್ಮದಲ್ಲದ ಅದನ್ನೂ ನಿಷ್ಪ್ರಯೋಜಕಗೊಳಿಸಿ ಹೋಗುತ್ತಾರೆ. ಈ ನಷ್ಟಕ್ಕಾಗಿ ಮರುಗುವುದನ್ನು ಮೋಹವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ದ್ರೋಣನು ಕೂಡ ಏಕಲವ್ಯನಿಗೆ ಅಂಗುಷ್ಠವು ಅನಿತ್ಯವೆಂದು ಉಪದೇಶಿಸಲಿಲ್ಲ, ದಕ್ಷಿಣೆಯೆಂದು ಬಾಯಿಬಿಟ್ಟು ಕೇಳಿದನು. ಆ ಕ್ರೌರ್ಯದಲ್ಲಿ ಅಷ್ಟುಮಟ್ಟಿನ ಪ್ರಾಮಾಣಿಕತೆಯಾದರೂ ಇತ್ತು.

ನಮ್ಮಲ್ಲಿ ಕೆಲವರು ಇಲ್ಲೊಂದು ಹೆಮ್ಮೆಯ ಮಾತನ್ನು ಆಡುವುದುಂಟು: ನಮ್ಮ ಸಂಗೀತವು ಗುರುಮುಖದಿಂದ ಶಿಷ್ಯನ ಕಿವಿಗೆ ಬಂದದ್ದು, ಅದಕ್ಕೆ ಯಂತ್ರದ ಹಂಗಿಲ್ಲ, ಆದಕಾರಣ ಈ ವ್ಯಥೆಯೂ ಇಲ್ಲ. ಪುರಂದರದಾಸರ ಪದಗಳನ್ನು ನೆನೆದುಕೊಂಡರೆ ಆ ಹೆಮ್ಮೆ ತಾನಾಗಿ ಇಳಿಯುತ್ತದೆ. ಸಾಹಿತ್ಯ ಉಳಿದಿದೆ, ದಾಸರು ಸ್ವತಃ ಹಾಡಿದ ಮಟ್ಟುಗಳು ಬಹುಮಟ್ಟಿಗೆ ಹೋದವು. ಇಂದು ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಮುಂದಿನವರು ಕೂಡಿಸಿದವು. ಕಂಠದಿಂದ ಕಂಠಕ್ಕೆ ಹರಿದುಬರುತ್ತಿದ್ದ ಸರಪಣಿಯ ಕೊಂಡಿ ಎಲ್ಲಿ ಕಳಚಿತೋ ಅಲ್ಲಿಗೆ ಆ ನಾದವೂ ನಿಂತಿತು. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಗಮಕಚಿಹ್ನೆಗಳ ಸಮೇತ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಅಚ್ಚುಹಾಕಿಸದೆ ಇದ್ದಿದ್ದರೆ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಲ್ಲಿ ಎಷ್ಟಕ್ಕೆ ಅದೇ ಗತಿಯಾಗುತ್ತಿತ್ತೋ ಊಹಿಸುವುದು ಕಷ್ಟ. ಮಾಧ್ಯಮವು ಬರಿಯ ಮಾಧ್ಯಮವೆಂದು ಹೇಳಬಲ್ಲವನು ಇನ್ನೂ ಏನನ್ನೂ ಕಳೆದುಕೊಳ್ಳದವನು.

ಹಾಗೆಂದು ಬಳಕೆದಾರರ ಕೂಗನ್ನೆಲ್ಲ ಒಂದೇ ಎಂದು ಎಣಿಸಿ ಸಮರ್ಥಿಸುವುದೂ ತಪ್ಪಾದೀತು. ಫಿನಾಲೆ ಮುಗಿಯಿತೆಂಬ ಸುದ್ದಿಗೆ ಬಂದದ್ದು ಶೋಕ. ಕೊಂಡ ವಸ್ತುವಿಗೂ ಒಂದು ವರ್ಷದ ಮೇಲೆ ಬೀಗ ಬೀಳುತ್ತದೆಂಬ ಸುದ್ದಿಗೆ ಬಂದದ್ದು ರೋಷ. ಶೋಕಕ್ಕೆ ವೈರಾಗ್ಯವು ಔಷಧವಾದೀತು, ಕಾಲಕ್ರಮದಲ್ಲಿ, ಅವರವರೇ ಸೇವಿಸಿದರೆ. ರೋಷಕ್ಕೆ ಉತ್ತರ ಹೇಳಬೇಕಾದುದು ನ್ಯಾಯ. ಎರಡನೆಯದಕ್ಕೂ ಮೊದಲನೆಯದರ ಔಷಧವನ್ನೇ ಕುಡಿಸುವ ವೈದ್ಯನ ಮೇಲೆ ನನಗೆ ಅನುಮಾನ ಹುಟ್ಟುತ್ತದೆ.

ನ್ಯಾಯದ ವಿಚಾರಕ್ಕೆ ಬಂದಾಗ ನನಗೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರನ ನೆನಪಾಗುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ಈತ, ದಾಯಭಾಗದ ಪ್ರಕರಣದಲ್ಲಿ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ: ಸ್ವತ್ವವೆಂಬುದು, ಎಂದರೆ ಇದು ನನ್ನದು ಎಂಬ ಒಡೆತನವು, ಶಾಸ್ತ್ರದಿಂದ ಮಾತ್ರ ಗೊತ್ತಾಗತಕ್ಕದ್ದೋ ಅಥವಾ ಲೋಕವ್ಯವಹಾರದಿಂದಲೇ ಸಿದ್ಧವಾದುದೋ? ಲೌಕಿಕವೇ ಎಂಬುದು ಅವನ ನಿರ್ಣಯ. ಅದಕ್ಕೆ ಕೊಡುವ ಕಾರಣಗಳಲ್ಲೊಂದು ಬಹು ಸೊಗಸಾದುದು: ಶಾಸ್ತ್ರದ ಹೆಸರನ್ನೇ ಕೇಳದ ಗಡಿನಾಡಿನ ಜನರಲ್ಲಿಯೂ ಕೊಳ್ಳುವುದು, ಮಾರುವುದು ನಡೆಯುತ್ತಿರುವುದು ಕಾಣುತ್ತದೆ; ಒಡೆತನದ ತಿಳಿವಳಿಕೆಯಿಲ್ಲದೆ ಅದು ಹೇಗೆ ನಡೆದೀತು? ಒಂಬತ್ತು ಶತಮಾನಗಳ ಹಿಂದಿನ ಈ ತರ್ಕವನ್ನು ಇಂದಿನ ತಂತ್ರಾಂಶದ ಅಂಗಡಿಗೆ ತಂದು ನಿಲ್ಲಿಸಿದರೆ ಮಾರಾಟಗಾರನು ಕಕ್ಕಾಬಿಕ್ಕಿಯಾದಾನು. ಅಂಗಡಿಯ ಬೋರ್ಡಿನಲ್ಲಿ ಬರೆದಿರುವುದು ಕೊಳ್ಳಿರಿ ಎಂದು. ಗಿರಾಕಿಯು ಕೊಂಡೆನೆಂದೇ ತಿಳಿದು ಹಣವನ್ನು ಕೊಟ್ಟನು. ಲೋಕದ ರೂಢಿಯಲ್ಲಿ ಅಲ್ಲಿಗೆ ಒಡೆತನ ಬದಲಾಯಿತು. ಆದರೆ ಯಾರೂ ಓದದ, ಓದಿದರೂ ಅರ್ಥವಾಗದ ದೀರ್ಘವಾದ ಒಪ್ಪಂದಪತ್ರದಲ್ಲಿರುವುದು ಬೇರೆ: ನಿನಗೆ ಕೊಟ್ಟದ್ದು ವಸ್ತುವಲ್ಲ, ಬಳಸುವುದಕ್ಕೆ ಪರವಾನಗಿ. ಲೋಕವು ಒಂದನ್ನು ಹೇಳುತ್ತದೆ, ಕಾಗದವು ಇನ್ನೊಂದನ್ನು. ಇಂಥಲ್ಲಿ ಕಾಗದವೇ ಪ್ರಮಾಣವೆನ್ನುವವರಿಗೆ ನ್ಯಾಯಾಲಯದಲ್ಲಿ ಜಯ ದೊರೆಯಬಹುದು. ಮಿತಾಕ್ಷರಾಕಾರನ ಸಹಾನುಭೂತಿ ದೊರೆಯಲಾರದೆಂದೇ ನನ್ನ ನಂಬಿಕೆ.

ಧರ್ಮಶಾಸ್ತ್ರವು ದಾನವನ್ನು ವಿವರಿಸುವ ರೀತಿಯನ್ನೂ ಇಲ್ಲಿ ಗಮನಿಸಬಹುದು. ಕೊಡುವವನ ಒಡೆತನವು ಅಳಿದು ಪಡೆಯುವವನ ಒಡೆತನವು ಹುಟ್ಟಿದರೆ ಮಾತ್ರ ಅದು ದಾನ. ಕೊಟ್ಟೂ ಕೊಡದಂತೆ ಇರುವುದಕ್ಕೆ ಅಲ್ಲಿ ಎಡೆಯಿಲ್ಲ. ನಮ್ಮ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯವೂ ಪರರು ಕೊಟ್ಟುದನ್ನು ಕಸಿದವನಿಗೆ ಮಾತ್ರ ಮೀಸಲಲ್ಲ, ತಾನೇ ಕೊಟ್ಟುದನ್ನು ಹಿಂದಕ್ಕೆ ಪಡೆದವನಿಗೂ ಅದೇ ನರಕ. ಆ ದತ್ತಿಗಳ ಅವಧಿ ಚಂದ್ರಸೂರ್ಯರಿರುವವರೆಗೆ. ಇಂದಿನ ಅಂಗಡಿಯವರ ಮಾತಿನ ಅವಧಿಯೋ ಬೇರೆ: ಅಮೆರಿಕದ ಕೇಕ್‌ವಾಕ್ ಎಂಬವರು 2016ರಲ್ಲಿ ತಮ್ಮ ಸೊನಾರ್ ಎಂಬ ಧ್ವನಿಮುದ್ರಣ ತಂತ್ರಾಂಶಕ್ಕೆ ಆಜೀವ ಪರಿಷ್ಕರಣೆಗಳನ್ನು ಮಾರಿದರು. 2017ರ ನವೆಂಬರಿನಲ್ಲಿ ಒಡೆಯರಾದ ಗಿಟಾರು ತಯಾರಕ ಗಿಬ್ಸನ್ ಕಂಪನಿಯವರು ಅದರ ಕೆಲಸವನ್ನೇ ನಿಲ್ಲಿಸಿದರು. ಆಜೀವವೆಂಬಲ್ಲಿ ಗಣನೆಗೆ ಬಂದದ್ದು ಯಾರ ಜೀವವೆಂಬುದು ಕೊಂಡವರಿಗೆ ಅಂದು ತಿಳಿಯಿತು. ಮುಂದೆ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು, 2018ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಹಂಚಿತು. ಆಜೀವಕ್ಕೆಂದು ಹಣ ತೆತ್ತವರು ನಕ್ಕರೋ ಅತ್ತರೋ! ಧ್ವನಿ ತಂತ್ರಾಂಶಗಳನ್ನು ಮಾರುವ ಇಸ್ರೇಲಿನ ವೇವ್ಸ್ ಸಂಸ್ಥೆಯವರು 2023ರ ಮಾರ್ಚಿನಲ್ಲಿ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯೊಂದನ್ನೇ ಉಳಿಸುತ್ತೇವೆಂದು ಸಾರಿ, ಎದ್ದ ಗದ್ದಲಕ್ಕೆ ಅಂಜಿ ಕೆಲವೇ ದಿನಗಳಲ್ಲಿ ಮಾತನ್ನು ಹಿಂತೆಗೆದುಕೊಂಡರು.

ಸಂಸ್ಥೆಗಳ ಪಕ್ಷದಲ್ಲಿ ಏನೂ ಇಲ್ಲವೆಂದಲ್ಲ. ತಾನು ಕಟ್ಟಿದುದನ್ನು ಕಲ್ಪಾಂತದವರೆಗೂ ಸುಣ್ಣಬಣ್ಣ ಬಳಿದು ನಿಲ್ಲಿಸಿಕೊಂಡಿರಬೇಕೆಂಬ ಋಣವು ಯಾವ ನಿರ್ಮಾತೃವಿನ ಮೇಲೂ ಇಲ್ಲ. ದುಡಿದು ದಣಿದವನಿಗೆ ಸಾಕೆನ್ನುವ ಅಧಿಕಾರವುಂಟು. ಫಿನಾಲೆಯನ್ನು ಮುಗಿಸಿದ್ದಕ್ಕೆ ನಾನು ಮೇಕ್‌ಮ್ಯೂಸಿಕ್‌ನವರನ್ನು ದೂರಲಾರೆ. ಮುಗಿಸುವುದು ಬೇರೆ, ಬೀಗ ಹಾಕುವುದು ಬೇರೆ. ನಿಲ್ಲಿಸಿದವನು ತನ್ನ ಶ್ರಮವನ್ನು ಬಿಟ್ಟುಕೊಟ್ಟನು, ಅದು ಅವನ ತ್ಯಾಗವಾದೀತು. ಬೀಗ ಹಾಕಿದವನು ಇನ್ನೊಬ್ಬನ ಪಾಲಿನ ತ್ಯಾಗವನ್ನೂ ತಾನೇ ಮಾಡಲು ಹೊರಟನು. ಈ ಭೇದವನ್ನು ಬಳಕೆದಾರರು ಶಾಸ್ತ್ರಜ್ಞಾನದ ನೆರವಿಲ್ಲದೆ ತಾವಾಗಿಯೇ ಕಂಡರು. ಅವರ ಪ್ರತಿಭಟನೆಯ ಕಾವು ಎಷ್ಟಿತ್ತೆಂದರೆ, ಸಂಸ್ಥೆಯವರು ಪತ್ರ ಹೊರಟ ಮರುದಿನವೇ ಆ ವಾಕ್ಯವನ್ನು ಹಿಂತೆಗೆದುಕೊಂಡು, ಹೊಸ ಯಂತ್ರಗಳಲ್ಲಿ ಅಧಿಕೃತಗೊಳಿಸುವ ಸೌಕರ್ಯವನ್ನು ಅನಿರ್ದಿಷ್ಟ ಕಾಲದವರೆಗೆ ಉಳಿಸುವುದಾಗಿ ಹೇಳಿದರು. ಅನಿರ್ದಿಷ್ಟವೆಂಬುದು ಚಂದ್ರಸೂರ್ಯರಷ್ಟು ಗಟ್ಟಿಯಾದ ಸಾಕ್ಷಿಯಲ್ಲ. ಆದರೂ ಒಂದು ವರ್ಷಕ್ಕಿಂತ ಮೇಲು.

ಬೀಗ ತೆಗೆದ ಮೇಲೆ ಉಳಿದದ್ದು ಶುದ್ಧವಾದ ಶೋಕ, ಮತ್ತು ಅದರ ಜೊತೆಗೆ ಮಾಡಬೇಕಾದ ಕೆಲಸ. ಹಳೆಯ ಕೃತಿಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಸಾಮಾನ್ಯ ವಿನಿಮಯರೂಪಕ್ಕೆ ಇಳಿಸಿ ಡೊರಿಕೊಗೆ ಒಯ್ದರೆ ಸ್ವರವೂ ಕಾಲಪ್ರಮಾಣವೂ ಸಾಹಿತ್ಯಾಕ್ಷರವೂ ಬಹುಮಟ್ಟಿಗೆ ದಾಟುತ್ತವೆ. ವರ್ಣವು ನಿತ್ಯ, ಧ್ವನಿಯು ಅದನ್ನು ವ್ಯಕ್ತಗೊಳಿಸುವುದಷ್ಟೇ ಎನ್ನುವ ಮೀಮಾಂಸಕನು ಇದನ್ನು ಕಂಡು ಮೀಸೆ ತಿರುವಬಹುದು. ಆದರೆ ಲಿಪಿಕಾರನು ಗಂಟೆಗಟ್ಟಲೆ ಕುಳಿತು ತಿದ್ದಿದ ಸ್ವರಬಂಧದ ಕಮಾನು, ವಾದಕನು ಹಾಳೆ ತಿರುವುವುದಕ್ಕೆ ಎಡೆ ಸಿಗಲೆಂದು ಅಳೆದಿಟ್ಟ ಪುಟವಿಭಾಗ, ಎರಡು ಸಾಲುಗಳ ನಡುವಣ ಉಸಿರು, ಇವು ಅನೇಕ ಸಲ ದಾಟುವುದಿಲ್ಲ. ಶಬ್ದವು ಪ್ರಯತ್ನದಿಂದ ಹುಟ್ಟಿದ್ದು, ಆದ್ದರಿಂದಲೇ ಅಳಿಯುವುದು ಎಂಬ ನೈಯಾಯಿಕನ ಪಕ್ಷಕ್ಕೆ ಇಲ್ಲಿ ಸಾಕಷ್ಟು ಸಾಮಗ್ರಿಯಿದೆ. ಕೆಲವರು ಎಲ್ಲವನ್ನೂ ಕಾಗದದ ಮೇಲೆ ಅಚ್ಚುಹಾಕಿಕೊಂಡು ನಿಶ್ಚಿಂತರಾದಾರು. ಕೆಲವರು ಹಳೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮನ್ನು ಬದಲಾಯಿಸದೆ ಕಾಪಾಡಿಕೊಂಡು ಬಂದಾರು. ಅವರವರ ಆಶ್ರಮ ಅವರವರಿಗೆ.

ಡೊರಿಕೊಗೆ ಹೋದವರು ಸೇರಿದ ಹೊಸ ಮನೆಯ ಚರಿತ್ರೆಯೂ ವಿಚಾರಾರ್ಹವಾದುದು. ಡೊರಿಕೊವನ್ನು ಕಟ್ಟಿದವರು ಮೊದಲು ಸಿಬೇಲಿಯಸ್ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶದ ಲಂಡನ್ ಕಚೇರಿಯಲ್ಲಿ ದುಡಿಯುತ್ತಿದ್ದವರು. 2006ರಲ್ಲಿ ಅದನ್ನು ಕೊಂಡ ಅವಿಡ್ ಸಂಸ್ಥೆಯು 2012ರಲ್ಲಿ ಆ ಕಚೇರಿಯನ್ನು ಮುಚ್ಚಿಬಿಟ್ಟಿತು. ತಾವೇ ವರ್ಷಗಟ್ಟಲೆ ಬರೆದ ಕೋಡಿನ ಒಂದು ಸಾಲನ್ನೂ ಒಯ್ಯುವ ಅಧಿಕಾರವಿಲ್ಲದೆ, ತಲೆಯಲ್ಲಿದ್ದ ವಿದ್ಯೆಯೊಂದನ್ನೇ ಹಿಡಿದು ಹೊರಬಿದ್ದ ಅವರು ಸ್ಟೈನ್‌ಬರ್ಗ್‌ನವರ ಆಶ್ರಯದಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಿ, 2016ರ ಅಕ್ಟೋಬರಿನಲ್ಲಿ ಹೊರತಂದದ್ದು ಈ ಡೊರಿಕೊ. ಹದಿನಾರನೆಯ ಶತಮಾನದಲ್ಲಿ ರೋಮಿನಲ್ಲಿ ಸಂಗೀತವನ್ನು ಅಚ್ಚುಹಾಕುತ್ತಿದ್ದ ಮುದ್ರಕನೊಬ್ಬನ ಹೆಸರನ್ನು ಅದಕ್ಕೆ ಇಟ್ಟರು. ಕೊಂಡವನಿಗೆ ಒಡೆತನವಿಲ್ಲ, ಸರಿ. ಇಲ್ಲಿ ನೋಡಿದರೆ ಕಟ್ಟಿದವನಿಗೂ ಇರಲಿಲ್ಲ. ಸಂತ್ರಸ್ತರು ಕಟ್ಟಿದ ಆಶ್ರಯಕ್ಕೆ ಹೊಸ ಸಂತ್ರಸ್ತರು ಬಂದು ಸೇರಿದರು. ಅವರು ತೆತ್ತ 149 ಡಾಲರಿಗೆ ದೊರೆತುದೂ ಪರವಾನಗಿಯೇ. ಈ ಸಲವಾದರೂ ಎಷ್ಟು ಮಂದಿ ಒಪ್ಪಂದಪತ್ರವನ್ನು ಕೊನೆಯವರೆಗೆ ಓದಿ ಒಪ್ಪಿದೆನೆಂದು ಒತ್ತಿದರೋ.