ದೋಷಸಂಕೇತ ಮತ್ತು ಅನುಮಾನ ಪ್ರಮಾಣ

ಚೆಕ್ ಎಂಜಿನ್ ದೀಪ ಹೊತ್ತಿಕೊಂಡ ಕಾರಿನ ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಪರದೆಯ ಮೇಲೆ ಒಂದು ಸಂಕೇತ ಮೂಡುತ್ತದೆ. ಪಿ0171 ಎಂದಿದ್ದರೆ, ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಈ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ಭಾರತಕ್ಕೆ 2013ರಲ್ಲಿ ಬಂತು. ಸಂಕೇತದಿಂದ ದೊರೆಯುವುದು ಯಾವ ಬಗೆಯ ಜ್ಞಾನ ಎಂಬ ಪ್ರಶ್ನೆಗೆ ನ್ಯಾಯದರ್ಶನದಲ್ಲಿ ಸಿದ್ಧವಾದ ಚರ್ಚೆಯೇ ಇದೆ.

ಈ ದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ಒಪ್ಪುವ ಪ್ರಮಾಣಗಳು, ಅಂದರೆ ಜ್ಞಾನದ ಸಾಧನಗಳು, ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಸ್ಕ್ಯಾನರ್ ತೋರಿಸಿದ್ದನ್ನು ಹೆಚ್ಚಿನವರು ಶಬ್ದವೆಂದೇ, ಅಂದರೆ ಆಪ್ತನ ಮಾತೆಂದೇ ನಂಬಿಬಿಡುತ್ತಾರೆ. ಆದರೆ ವಿಷಯವನ್ನು ಸ್ವತಃ ಅರಿತವನು ಮಾತ್ರ ಆಪ್ತ. ಕಾರಿನ ಕಂಪ್ಯೂಟರಿಗೆ ತಲುಪುವುದು ಎಕ್ಸಾಸ್ಟ್ ಪೈಪಿನ ಆಕ್ಸಿಜನ್ ಸೆನ್ಸರ್ ಕಳಿಸುವ ವೋಲ್ಟೇಜ್. ಸಾಮಾನ್ಯ ಬಗೆಯ ಸೆನ್ಸರಿನಲ್ಲಿ, ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದರೆ ಅದು 0.1 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ, ಕಡಿಮೆಯಿದ್ದರೆ 0.9ರತ್ತ ಏರುತ್ತದೆ. ಇಳಿದದ್ದು ಏರದಿದ್ದಾಗ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಸುತ್ತಾ ಹೋಗಿ, ಮಿತಿ ಮುಟ್ಟಿದ ಮೇಲೆ ಸಂಕೇತ ದಾಖಲಿಸುತ್ತದೆ. ಅದರ ಸಾಕ್ಷ್ಯ ಅಷ್ಟಕ್ಕೇ ಮುಗಿಯಿತು. ಮುಂದಿನದು ಕಾರ್ಯದಿಂದ ಕಾರಣವನ್ನು ಊಹಿಸುವ ಶೇಷವತ್ ಅನುಮಾನ.

ತೊಡಕಿರುವುದೂ ಅಲ್ಲೇ. ಗಾಳಿ ಒಳಬರುವ ರಬ್ಬರ್ ಪೈಪು ಸೀಳಿರಬಹುದು, ಗಾಳಿ ಅಳೆಯುವ ಸೆನ್ಸರಿಗೆ ಧೂಳು ಮೆತ್ತಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು, ಎಕ್ಸಾಸ್ಟ್ ಪೈಪೇ ಬಿರುಕು ಬಿಟ್ಟಿರಬಹುದು. ಹೀಗೆ ಹಲವು ಕಡೆ ಸಲ್ಲುವ ಹೇತುವನ್ನು, ಅಂದರೆ ಊಹೆಗೆ ಆಧಾರವಾದ ಗುರುತನ್ನು, ನೈಯಾಯಿಕರು ಸವ್ಯಭಿಚಾರ ಎನ್ನುತ್ತಾರೆ. ಸಂಕೇತ ಕಂಡೊಡನೆ ಆಕ್ಸಿಜನ್ ಸೆನ್ಸರನ್ನೇ ಬದಲಿಸುವುದು ತರ್ಕದೋಷ. ದುಡ್ಡು ಕೊಡುವವನಿಗೆ ಮಾಡುವ ಅನ್ಯಾಯವೂ ಹೌದು.

ನ್ಯಾಯಸೂತ್ರದ ಎರಡನೆಯ ಅಧ್ಯಾಯ ಇದೇ ಆಕ್ಷೇಪವನ್ನು ಎತ್ತಿಕೊಳ್ಳುತ್ತದೆ. ಹೊಳೆ ಉಬ್ಬಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎಂದು ಊಹಿಸುವಂತಿಲ್ಲ, ಯಾರೋ ಕೆಳಗೆ ಕಟ್ಟೆ ಕಟ್ಟಿದರೂ ನೀರು ಏರುತ್ತದೆ ಎಂಬುದು ಆಕ್ಷೇಪ. ಭಾಷ್ಯಕಾರ ವಾತ್ಸ್ಯಾಯನನ ಉತ್ತರ ನೇರವಾಗಿದೆ: ಮಳೆಯ ನೀರು ರಭಸದಿಂದ ಹರಿಯುತ್ತದೆ, ನೊರೆ, ಎಲೆ, ಕಟ್ಟಿಗೆಗಳನ್ನು ಹೊತ್ತು ತರುತ್ತದೆ, ಕಟ್ಟೆಯಿಂದ ನಿಂತ ನೀರು ಹಾಗಲ್ಲ. ವಿಶೇಷವನ್ನು ಗಮನಿಸದೆ ಬರಿಯ ಏರಿಕೆಯನ್ನೇ ಹೇತುವಾಗಿ ಹಿಡಿದರೆ ತಪ್ಪು ಊಹಿಸಿದವನದು, ಅನುಮಾನದ್ದಲ್ಲ.

ಬಲ್ಲ ಮೆಕ್ಯಾನಿಕ್ ಹುಡುಕುವುದೂ ಇಂಥ ವಿಶೇಷವನ್ನೇ. ಪೆಟ್ರೋಲನ್ನು ಎಷ್ಟು ಹೆಚ್ಚಿಸಲಾಗುತ್ತಿದೆ ಎಂಬುದನ್ನು ಸ್ಕ್ಯಾನರ್ ಫ್ಯೂಯೆಲ್ ಟ್ರಿಮ್ ಎಂದು ಶೇಕಡಾವಾರು ತೋರಿಸುತ್ತದೆ. ಐಡಲ್‌ನಲ್ಲಿ ಶೇ 25ರಷ್ಟಿದ್ದ ಟ್ರಿಮ್, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರುತ್ತಿರುವ ಸಂಭವ ಹೆಚ್ಚು: ಒಳಬರುವ ಒಟ್ಟು ಗಾಳಿ ಹೆಚ್ಚಿದಂತೆ ಸೋರಿಕೆಯ ಪಾಲು ಕುಗ್ಗುತ್ತದೆ. ಲೋಡ್ ಹೆಚ್ಚಿದಷ್ಟೂ ಟ್ರಿಮ್ ಏರಿದರೆ ಸಂಶಯ ಪಂಪಿನ ಅಥವಾ ಫಿಲ್ಟರಿನ ಮೇಲೆ. ಬಳಿಕ ಪೈಪಿಗೆ ಹೊಗೆ ತುಂಬಿಸಿ ನೋಡಿದಾಗ ಬಿರುಕಿನಿಂದ ಹೊಗೆ ಹೊರಬಂದರೆ ಅನುಮಾನಕ್ಕೆ ಪ್ರತ್ಯಕ್ಷದ ಬಲ ಸಿಗುತ್ತದೆ.

ಅಷ್ಟರಿಂದಲೂ ಕಾರಣ ಒಂದೇ ಎಂದು ಸಿದ್ಧವಾಗುವುದಿಲ್ಲ. ಸೋರಿಕೆ ಇದ್ದಲ್ಲಿ ದೋಷ ಕಂಡರೆ ಅನ್ವಯ, ಸೋರಿಕೆ ನಿಂತಲ್ಲಿ ದೋಷವೂ ನಿಂತರೆ ವ್ಯತಿರೇಕ. ಪೈಪು ಬದಲಿಸಿ, ಸಂಕೇತ ಅಳಿಸಿ, ಕಾರು ಓಡಿಸಿ ನೋಡಿದಾಗ ಟ್ರಿಮ್ ಅರ್ಧದಷ್ಟೇ ಇಳಿದರೆ ಎರಡನೆಯ ಕಾರಣವೊಂದು ಉಳಿದಿದೆಯೆಂದೇ ತಿಳಿದು ಪರೀಕ್ಷೆಯನ್ನು ಮುಂದುವರಿಸಬೇಕಾಗುತ್ತದೆ.