ದೇಹದ ಹಕ್ಕು



ಶಿವಾಜಿನಗರದ ಯಾವುದಾದರೊಂದು ಮಸೀದಿಯ ಮುಂದೆ ಇಶಾ ನಮಾಝ್‌ನ ಹೊತ್ತಿಗೆ ನಿಂತು ನೋಡಿರಿ. ಇಕ್ಕಟ್ಟಾದ ಗಲ್ಲಿಯ ಎರಡೂ ಬದಿಗೆ ಸ್ಕೂಟರ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ದೂರದಿಂದ ಬಂದವರನ್ನು ಬಿಡಿ. ಎರಡು ಗಲ್ಲಿಗಳಾಚೆ ಮನೆಯಿರುವವರೂ ಗಾಡಿ ಹತ್ತಿಯೇ ಬಂದಿರುತ್ತಾರೆ. ನಡೆದರೆ ಐದು ನಿಮಿಷದ ದಾರಿ. ಆ ಐದು ನಿಮಿಷವನ್ನು ಉಳಿಸಲು ಹೋಗಿ ದಾರಿಹೋಕರಿಗೆ ತೊಂದರೆ ಕೊಡುತ್ತೇವೆ. ಅಲ್ಲಾಹನು ನಮಗಾಗಿ ಇಟ್ಟಿರುವ ಒಂದು ಪ್ರತಿಫಲವನ್ನೂ ಕೈಯಾರೆ ಕಳೆದುಕೊಳ್ಳುತ್ತೇವೆ.

ಮದೀನಾದಲ್ಲಿ ಬನೂ ಸಲಿಮಾ ಗೋತ್ರದವರ ಮನೆಗಳು ಪ್ರವಾದಿಯವರ(ಸ) ಮಸೀದಿಯಿಂದ ದೂರವಿದ್ದುವು. ಅವರು ಮಸೀದಿಯ ಸಮೀಪಕ್ಕೆ ಬಂದು ನೆಲೆಸಲು ಬಯಸಿದರು. ಪ್ರವಾದಿವರ್ಯರು(ಸ) ಅವರನ್ನು ಇದ್ದಲ್ಲಿಯೇ ಇರುವಂತೆ ಹೇಳಿದರು. ಅವರು ಮಸೀದಿಯ ಕಡೆಗೆ ಇಡುವ ಹೆಜ್ಜೆಗಳು ದಾಖಲಾಗುತ್ತವೆಂದು ತಿಳಿಸಿದರು. ದೂರವನ್ನು ಅವರು ಕಷ್ಟವೆಂದು ಬಗೆದಿದ್ದರು. ಪ್ರವಾದಿಯವರು(ಸ) ಅದನ್ನು ಅವರ ಸಂಪತ್ತೆಂದು ತೋರಿಸಿಕೊಟ್ಟರು.

ಈ ಕಾಲುಗಳು ಯಾರವು? ಈ ಹೃದಯ, ಈ ಕಣ್ಣು, ಈ ರಕ್ತನಾಳಗಳು ಯಾರವು? ಇವುಗಳನ್ನು ನಾವು ಸಂಪಾದಿಸಿದವರಲ್ಲ. ಇವು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಅಮಾನತ್ತಿಗೆ ಲೆಕ್ಕ ಕೊಡಬೇಕಾಗುತ್ತದೆ. ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ) ದಿನವೂ ಉಪವಾಸವಿದ್ದು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಅವರ ದೇಹಕ್ಕೂ ಕಣ್ಣುಗಳಿಗೂ ಪತ್ನಿಗೂ ಅವರ ಮೇಲೆ ಹಕ್ಕಿದೆಯೆಂದು ಬೋಧಿಸಿದರು. ಈ ಘಟನೆ ಸಹೀಹ್ ಬುಖಾರಿಯಲ್ಲಿದೆ. ಆರಾಧನೆಯ ಹೆಸರಿನಲ್ಲಿಯೂ ದೇಹದ ಹಕ್ಕನ್ನು ಕಸಿಯಬಾರದೆಂದ ಮೇಲೆ, ಸೋಮಾರಿತನಕ್ಕಾಗಿ ಕಸಿಯುವುದು ಹೇಗೆ ಸರಿಯಾದೀತು? ಪ್ರವಾದಿಯವರು(ಸ) ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದ ಕೆಡುಕುಗಳಲ್ಲಿ ಸೋಮಾರಿತನವೂ ಒಂದು ಎಂಬುದನ್ನು ಮರೆಯದಿರೋಣ.

ಈ ಹಕ್ಕನ್ನು ಕೊಡದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿಯೇ ಕಾಣುತ್ತಿದೆ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ ಇಲ್ಲದ ಮನೆ ಇಂದು ಅಪರೂಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜು ಮಾಡಿತು. ನಾವು ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿ ಉರಿಸುತ್ತವೆ. ದಿನವೂ ನಡೆಯುವವನ ದೇಹದಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಹೃದಯ ಗಟ್ಟಿಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಮನಸ್ಸಿನ ಭಾರ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಭಾರತೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿತಮಿತವಾದ ಆಹಾರ ಮತ್ತು ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯಿಂದ ಮೂರು ವರ್ಷಗಳಲ್ಲಿ ಕಾಯಿಲೆಗೆ ತುತ್ತಾಗುವ ಅಪಾಯ ಶೇಕಡಾ 28ರಷ್ಟು ತಗ್ಗಿತು.

“ದಿನಕ್ಕೆ ಐದು ಹೊತ್ತು ನಮಾಝ್ ಮಾಡುತ್ತೇವಲ್ಲ, ಅದೇ ವ್ಯಾಯಾಮವಲ್ಲವೇ?” ಎಂದು ಕೆಲವರು ಕೇಳುತ್ತಾರೆ. ನಮಾಝ್‌ನಲ್ಲಿ ಬಾಗುವುದು, ಏಳುವುದು ದೇಹಕ್ಕೂ ಒಳ್ಳೆಯದೇ. ಆದರೆ ನಮಾಝ್ ಅಲ್ಲಾಹನ ಸ್ಮರಣೆಗಾಗಿ ಇರುವ ಆರಾಧನೆ. ಅದನ್ನು ಕಸರತ್ತೆಂದು ಕರೆದು ಅದರ ಸ್ಥಾನವನ್ನು ಇಳಿಸಬೇಡಿರಿ. ನಮಗಿಂತ ದೀರ್ಘವಾಗಿ ನಮಾಝ್ ಮಾಡುತ್ತಿದ್ದ ಸಹಾಬಿಗಳು ಮೈಲುಗಟ್ಟಲೆ ನಡೆಯುತ್ತಿದ್ದರು, ಬಿಲ್ವಿದ್ಯೆ ಕಲಿಯುತ್ತಿದ್ದರು, ಕುದುರೆ ಸವಾರಿ ಮಾಡುತ್ತಿದ್ದರು. ಕಂದಕ ಅಗೆಯುವಾಗ ಸ್ವತಃ ಪ್ರವಾದಿವರ್ಯರೇ(ಸ) ಮಣ್ಣು ಹೊತ್ತರು. ಅವರ ಹೊಟ್ಟೆಯ ಮೇಲೆಲ್ಲ ಧೂಳು ಮೆತ್ತಿಕೊಂಡಿತ್ತು.

ನಮ್ಮ ದಂಡು ಪ್ರದೇಶಕ್ಕೂ ಇದು ಹೊಸ ಮಾತಲ್ಲ. ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಬ್ರಿಟಿಷ್ ಸೈನಿಕ ತಂಡಗಳೇ ಮೆರೆಯುತ್ತಿದ್ದ ಕಾಲದಲ್ಲಿ, 1937ರಲ್ಲಿ, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ ಆಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಅಂದಿನ ಭಾರತ ತಂಡದ ಹೆಚ್ಚಿನವರು ಬೂಟು ಧರಿಸದೆ ಬರಿಗಾಲಿನಲ್ಲಿ ಆಡಿದ್ದರು. ದೇಹವನ್ನು ದುಡಿಸಲು ದುಬಾರಿ ಬೂಟಾಗಲಿ, ಜಿಮ್ಮಿನ ಶುಲ್ಕವಾಗಲಿ ಅನಿವಾರ್ಯವಲ್ಲ ಎನ್ನಲು ಬೇರೆ ಸಾಕ್ಷಿ ಬೇಕೇ?

ಆದರೆ ಎಲ್ಲರ ದೇಹವೂ ಒಂದೇ ಹಕ್ಕನ್ನು ಕೇಳುವುದಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ನಸುಕಿನಿಂದ ಮೂಟೆ ಹೊರುವ ಹಮಾಲಿಗೆ ವ್ಯಾಯಾಮದ ಉಪದೇಶ ಬೇಡ. ಅವನ ದೇಹ ಕೇಳುವುದು ವಿಶ್ರಾಂತಿ ಮತ್ತು ಒಳ್ಳೆಯ ಊಟ. ಅದನ್ನು ಕೊಡುವುದು ಅವನನ್ನು ದುಡಿಸುವವನ ಹೊಣೆ. ಈ ಮಾತು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ದಿನವಿಡೀ ಗಲ್ಲಾದ ಮುಂದೆ ಕುಳಿತವನಿಗೆ, ಹೊಲಿಗೆ ಯಂತ್ರದ ಮೇಲೆ ಬಾಗಿದವನಿಗೆ, ಕೆ.ಆರ್. ಪುರದಿಂದಾಚೆ ಕಂಪ್ಯೂಟರ್ ಮುಂದೆ ಕೂರುವವನಿಗೆ, ಆಟೋ ಓಡಿಸುವವನಿಗೆ.

ಇನ್ನೊಂದು ಹಕ್ಕಿದೆ. ಅದರ ಬಗ್ಗೆ ನಾವು ಬಾಯಿಬಿಡುವುದು ಕಡಿಮೆ. ನಮ್ಮ ಮನೆಯ ಹೆಂಗಸರಿಗೆ ದೇಹವಿಲ್ಲವೇ? ಎರಡು ಕೋಣೆಗಳ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ವರೆಗೆ ಒಲೆ, ಬಟ್ಟೆ, ಮಕ್ಕಳೆಂದು ದುಡಿದರೂ ಬಿಸಿಲು ಗಾಳಿ ಸೋಕದ ಅವರ ಮೊಣಕಾಲು ನಲವತ್ತಕ್ಕೇ ನೋಯುತ್ತದೆ. ವಾಕಿಂಗ್ ಹೋಗುತ್ತೇನೆಂದರೆ “ಜನ ಏನೆಂದಾರು?” ಎನ್ನುತ್ತೇವೆ. ಪ್ರವಾದಿವರ್ಯರು(ಸ) ಪ್ರಯಾಣದಲ್ಲಿದ್ದಾಗ ಹಝ್ರತ್ ಆಇಶಾರೊಂದಿಗೆ(ರ) ಓಟದ ಪಂದ್ಯವಾಡಿದರು. ಮೊದಲ ಸಲ ಆಇಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡ ಮೇಲೆ ಪ್ರವಾದಿಯವರು(ಸ) ಗೆದ್ದು, ಹಿಂದಿನ ಸೋಲಿಗೆ ಇದು ಸರಿಹೋಯಿತೆಂದು ನಗೆಯಾಡಿದರು. ಜಗತ್ತಿಗೇ ಪ್ರವಾದಿಯಾದವರಿಗೆ ಪತ್ನಿಯೊಂದಿಗೆ ಓಡಲು ಬಿಡುವಿತ್ತು. ನಮಗೆ ಪತ್ನಿಯೊಂದಿಗೆ ನಡೆಯಲು ಬಿಡುವಿಲ್ಲ!

ಹಾಗಾದರೆ ಮಾಡುವುದೇನು? ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂತಹ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ಹೇಳುತ್ತದೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಫಜ್ರ್ ನಮಾಝ್ ಮುಗಿಸಿ ಮತ್ತೆ ಹೊದಿಕೆಯೊಳಗೆ ನುಸುಳುವ ಆ ಅರ್ಧ ಗಂಟೆಯೇ ಸಾಕು. ಹಲಸೂರು ಕೆರೆಯ ದಂಡೆ, ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್ ದೂರವೇನಲ್ಲ. ಅದೂ ಆಗದಿದ್ದರೆ ಮಸೀದಿಗೆ ನಡೆದೇ ಹೋಗಿರಿ, ಮೆಟ್ರೋ ನಿಲ್ದಾಣದಲ್ಲಿ ಮೆಟ್ಟಿಲು ಹತ್ತಿರಿ. ಹೃದ್ರೋಗವಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ ಆರಂಭಿಸಲಿ. ನಡೆಯುವಾಗ ಎದೆ ನೋವು ಬಂದರೆ ಕೂಡಲೇ ನಿಂತು ಚಿಕಿತ್ಸೆ ಪಡೆಯಲಿ. ರೋಗ ಬರುವುದೂ ಗುಣವಾಗುವುದೂ ಅಲ್ಲಾಹನ ಇಚ್ಛೆಯಿಂದಲೇ. ನಮ್ಮ ಪಾಲಿನ ಪ್ರಯತ್ನ ಮಾತ್ರ ನಮ್ಮ ಮೇಲಿನ ಹೊಣೆ.

ಮೊದಲು ನಿಯ್ಯತ್ತನ್ನು ಸರಿಪಡಿಸಿಕೊಳ್ಳಿರಿ. ಕನ್ನಡಿಯ ಮುಂದೆ ಮೆರೆಯಲಿಕ್ಕಾಗಿ ಈ ಶ್ರಮ ಬೇಡ. ದುರ್ಬಲ ಸತ್ಯವಿಶ್ವಾಸಿಗಿಂತ ಬಲಶಾಲಿ ಸತ್ಯವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ ಇಬ್ಬರಲ್ಲಿಯೂ ಒಳಿತಿದೆಯೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ವೃದ್ಧ ತಾಯಿಯನ್ನು ಎತ್ತಿ ಕೂರಿಸಲು, ನೆರೆಯವನ ಜನಾಝಕ್ಕೆ ಹೆಗಲು ಕೊಡಲು, ಮುದಿವಯಸ್ಸಿನಲ್ಲಿಯೂ ನಿಂತು ನಮಾಝ್ ಮಾಡಲು ಆ ಬಲ ಬೇಕು. ನಾಳೆ ಫಜ್ರ್‌ಗೆ ಗಾಡಿಯ ಕೀಲಿಕೈಯನ್ನು ಮನೆಯಲ್ಲೇ ಬಿಟ್ಟು ಹೊರಡಿರಿ.

ಕರುಣಾಮಯನಾದ ಅಲ್ಲಾಹು ನಮ್ಮ ರೋಗಿಗಳಿಗೆ ಶಮನ ನೀಡಲಿ. ಅವನು ಕೊಟ್ಟ ದೇಹವನ್ನು ಅವನ ಮೆಚ್ಚುಗೆಯ ದಾರಿಯಲ್ಲಿ ದುಡಿಸುವ ಸೌಭಾಗ್ಯವನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.