ಪರ್ಯಾಯ: ಒಡೆತನವಿಲ್ಲದ ಅಧಿಕಾರ

ಮಠವೆಂದರೆ ಒಂದು ಪೀಠ, ಅದರ ಮೇಲೊಬ್ಬ ಗುರು, ಅವರ ಜೀವಿತಕಾಲವಿಡೀ ಅವರದೇ ಆಡಳಿತ ಎಂಬುದು ಸಾಮಾನ್ಯ ತಿಳಿವಳಿಕೆ. ಉಡುಪಿಯ ಶ್ರೀಕೃಷ್ಣಮಠದ ದಾರಿ ಬೇರೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಈ ಎಂಟು ಮಠಗಳ ಯತಿಗಳು ಸರದಿಯಂತೆ ಎರಡೆರಡು ವರ್ಷ ಕೃಷ್ಣಪೂಜೆಯನ್ನೂ ಆಡಳಿತವನ್ನೂ ವಹಿಸಿಕೊಂಡು, ಅವಧಿ ತುಂಬಿದೊಡನೆ ಮುಂದಿನವರಿಗೆ ಒಪ್ಪಿಸುತ್ತಾರೆ. ಈ ಪರ್ಯಾಯ ಪದ್ಧತಿಯೊಳಗೆ ಮಧ್ವಸಿದ್ಧಾಂತದ ತಿರುಳೇ ಇದೆ ಎಂಬುದು ನನ್ನ ನಂಬಿಕೆ.

ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ವೆಂಬ ಪುಟ್ಟ ಗ್ರಂಥದಲ್ಲಿ ತತ್ತ್ವವನ್ನು ಮೊದಲಿಗೆ ಎರಡಾಗಿ ವಿಂಗಡಿಸುತ್ತಾರೆ: ಸ್ವತಂತ್ರ, ಅಸ್ವತಂತ್ರ. ವಿಷ್ಣು ಒಬ್ಬನೇ ಸ್ವತಂತ್ರ. ದೇವತೆಗಳೂ ಸೇರಿದಂತೆ ಉಳಿದೆಲ್ಲದರ ಇರವು, ಅರಿವು, ನಡೆ ಅವನ ಅಧೀನ. ಹಾಗೆಂದು ಜಗತ್ತು ಮಿಥ್ಯೆಯಲ್ಲ, ಜೀವನ ಕೆಲಸ ಭ್ರಮೆಯೂ ಅಲ್ಲ. ಜೀವನಿಗೆ ಕರ್ತೃತ್ವವುಂಟು, ಅದು ಪರಾಧೀನ ಕರ್ತೃತ್ವ. ಆದ್ದರಿಂದ ‘ಎಲ್ಲವೂ ನನ್ನಿಂದಲೇ’ ಎಂಬ ಅಹಂಕಾರಕ್ಕೆ ಇಲ್ಲಿ ಎಡೆಯಿಲ್ಲ. ‘ನನ್ನದೇನಿದೆ’ ಎಂದು ಕೈಕಟ್ಟಿ ಕೂರುವುದಕ್ಕೂ ಅವಕಾಶವಿಲ್ಲ.

ಪರ್ಯಾಯದ ಒಂದೊಂದು ಹೆಜ್ಜೆಯಲ್ಲೂ ಈ ಎರಡು ಎಚ್ಚರಗಳನ್ನು ಕಾಣಬಹುದು. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು 16ನೆಯ ಶತಮಾನದಲ್ಲಿ ಸೋದೆಮಠದ ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದರು. ಹೀಗೆ ಒಂದು ಸುತ್ತಿಗೆ 16 ವರ್ಷ. ಸರದಿ ಬರುವ ಮಠ ಬಹಳ ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳನ್ನು ನಡೆಸಿ, ಎರಡು ವರ್ಷದ ಪೂಜೆಗೂ ಅನ್ನದಾನಕ್ಕೂ ಸಿದ್ಧವಾಗುತ್ತದೆ. ಇದು ಕರ್ತೃತ್ವದ ಭಾಗ: ದುಡಿಯಬೇಕು, ಹೊಣೆ ಹೊರಬೇಕು. ಸಮ ಸಂಖ್ಯೆಯ ವರ್ಷಗಳ ಜನವರಿ 18ರ ಬೆಳಗಿನ ಜಾವ, ಇಳಿಯುವ ಯತಿಗಳು ಏರುವವರ ಕೈಗೆ ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈಯನ್ನು ಕೊಡುತ್ತಾರೆ. ಇದು ಅಧೀನತೆಯ ಭಾಗ: ಎಷ್ಟೇ ಚೆನ್ನಾಗಿ ನಡೆಸಿದ್ದರೂ ಬಿಟ್ಟುಕೊಡಲೇಬೇಕು. ಪೇಜಾವರ ಮಠದ ವಿಶ್ವೇಶತೀರ್ಥರು 1952ರಿಂದ 2016ರವರೆಗೆ ಐದು ಬಾರಿ ಪರ್ಯಾಯ ಪೀಠವೇರಿದರು; ಐದು ಸಲವೂ ಎರಡು ವರ್ಷಕ್ಕೆ ಇಳಿದರು. ಖ್ಯಾತಿಗೆಂದು ಒಂದು ದಿನವೂ ಹೆಚ್ಚು ಸಿಗಲಿಲ್ಲ.

ಎಂಟು ಮಠಗಳು ಎರಡೆರಡಾಗಿ ದ್ವಂದ್ವಮಠಗಳೆಂಬ ನಂಟನ್ನೂ ಹೊಂದಿವೆ. ಶಿಷ್ಯಸ್ವೀಕಾರ ಮಾಡದೆ ಒಬ್ಬರು ತೀರಿಕೊಂಡರೆ ಜೋಡಿ ಮಠದ ಯತಿಗಳೇ ಉತ್ತರಾಧಿಕಾರಿಯನ್ನು ನೇಮಿಸುತ್ತಾರೆ. 2018ರಲ್ಲಿ ಶಿರೂರು ಮಠದ ಪೀಠ ಬರಿದಾದ ಬಳಿಕ, 2021ರಲ್ಲಿ ಹೊಸ ಯತಿಗೆ ಸಂನ್ಯಾಸ ಕೊಟ್ಟವರು ಸೋದೆಯ ಸ್ವಾಮಿಗಳು. ಒಂದು ಪರಂಪರೆಯ ಉಳಿವು ಇನ್ನೊಂದರ ಕೈಯಲ್ಲಿದೆಯೆಂದರೆ, ಮಠವೂ ತನಗೆ ತಾನೇ ಸ್ವತಂತ್ರವಲ್ಲ ಎಂದಾಯಿತು.

ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಅದರಿಂದಲೇ ಯಾರೂ ನಿರಹಂಕಾರಿಗಳಾಗುವುದಿಲ್ಲ. ಪರ್ಯಾಯದ ಸುತ್ತಲೂ ಪೈಪೋಟಿ, ವಿವಾದಗಳು ಎದ್ದದ್ದುಂಟು. ಆದರೂ ಸೇವೆಯನ್ನು ಮನಸಾರೆ ಮಾಡುವುದು, ಅಧಿಕಾರವನ್ನು ತನ್ನದೆನ್ನದಿರುವುದು, ಇವೆರಡೂ ಒಬ್ಬನಲ್ಲೇ ಕೂಡಿರಬೇಕೆಂದು ಈ ಪದ್ಧತಿ ಬಿಡದೆ ಕೇಳುತ್ತದೆ. ಮಠದ ಹೊರಗೆ, ಸಂಸ್ಥೆ ನಡೆಸುವ, ಮನೆತನ ನೋಡಿಕೊಳ್ಳುವ ಎಲ್ಲರಿಗೂ ಈ ಕೇಳಿಕೆ ಅನ್ವಯಿಸುತ್ತದೆ. ಒಪ್ಪಿಸಿ ಹೋಗುವ ದಿನ ಗೊತ್ತಿರುವವನು ಇರುವಷ್ಟು ದಿನ ಹೆಚ್ಚು ಜವಾಬ್ದಾರಿಯಿಂದ ದುಡಿಯಬಲ್ಲ.